ಸುಟ್ಟ ಇಗರ್ಜಿ, ಊರೂರು ತಿರುಗಿದ ಕರಂಡಕ

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಗ್ಗೆ ದೆಹಲಿಯ ನಮ್ಮ ಸರಕಾರಿ ವಸತಿಗೃಹದ ಬಾಗಿಲಲ್ಲಿ ಊರ ಕಡೆಯ ಹಿರಿಯರೊಬ್ಬರು ನಿಂತಿದ್ದರು. ಹೆಗಲಲ್ಲಿ ಚೀಲ, ಕೈಯಲ್ಲಿ ರಸೀದಿ ಪುಸ್ತಕ, ಅಂಗಿಯ ಜೇಬಿನಲ್ಲಿ ಯಾರೋ ಬರೆದುಕೊಟ್ಟ ವಿಳಾಸಗಳ ಚೀಟಿ. ತಮ್ಮ ಹಳ್ಳಿಯ ದೇವಸ್ಥಾನದ ಗೋಡೆ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಗರ್ಭಗುಡಿಯೊಳಗೇ ನೀರು ಇಳಿಯುತ್ತದೆ, ಜೀರ್ಣೋದ್ಧಾರಕ್ಕೆ ಕೈಲಾದದ್ದು ಕೊಡಬೇಕು ಎಂದರು. ಎರಡು ರಾತ್ರಿ ರೈಲಿನಲ್ಲಿ ಕುಳಿತು ಬಂದವರು, ಚೀಟಿಯಲ್ಲಿದ್ದ ಮನೆಗಳನ್ನು ಆಟೋ ಹತ್ತದೆ ನಡೆದೇ ಹುಡುಕುತ್ತಿದ್ದರು. ದೇವರ ದುಡ್ಡಿನಲ್ಲಿ ಆಟೋ ಹತ್ತುವುದು ಸರಿಯಲ್ಲ ಎಂಬುದು ಅವರ ಲೆಕ್ಕ.

ಮನೆಯವರು ಕಾಫಿ ತರುವಷ್ಟರಲ್ಲಿ ನಾವು ಕಚೇರಿಯ ಅಭ್ಯಾಸಬಲದಿಂದ ಪ್ರಶ್ನೆಗಳನ್ನು ಕೇಳತೊಡಗಿದ್ದೆವು. ಸಮಿತಿ ನೋಂದಣಿಯಾಗಿದೆಯೆ? ಲೆಕ್ಕ ಬರೆಯುವವರು ಯಾರು? ಇದುವರೆಗೆ ಕೂಡಿದ್ದೆಷ್ಟು, ಖರ್ಚಾದದ್ದೆಷ್ಟು? ಹಗಲೆಲ್ಲ ಅನುದಾನದ ಕಡತಗಳ ಮೇಲೆ 'ಹಣ ಬಳಕೆಯ ಪ್ರಮಾಣಪತ್ರ ಲಗತ್ತಿಸಿಲ್ಲ' ಎಂದು ಷರಾ ಬರೆಯುವವರಿಗೆ ಭಾನುವಾರವೂ ಬಿಡುವಿಲ್ಲ. ಹಿರಿಯರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿದರು. ಕಡೆಗೆ, "ಒಂದು ಸಲ ಬಂದು ನೋಡಿ ಹೋಗಿ ಸ್ವಾಮಿ, ಅದಕ್ಕಿಂತ ಲೆಕ್ಕ ಬೇರೆ ಯಾವುದು?" ಎಂದರು. ನಾವು 501 ರೂಪಾಯಿ ಬರೆಸಿದೆವು. ಅವರು ರಸೀದಿ ಹರಿದುಕೊಟ್ಟು ಮೆಟ್ಟಿಲಿಳಿದು ಹೋದರು.

ಅವರು ಹೋದ ಮೇಲೆ, ಇಂಗ್ಲಿಷ್ ಎಂ.ಎ. ಓದುವಾಗ ಕಣ್ಣಿಗೆ ಬಿದ್ದು ಮರೆತೇಹೋಗಿದ್ದ ಒಂದು ಸಂಗತಿ ನೆನಪಾಯಿತು. ಆರ್ಥರ್ ದೊರೆಯ ಐತಿಹ್ಯವನ್ನು ಅಭ್ಯಾಸ ಮಾಡುವವರೆಲ್ಲ ಎಂದಾದರೊಂದು ದಿನ ಅದನ್ನು ಎದುರುಗೊಳ್ಳುತ್ತಾರೆ. ಆರ್ಥರ್ ಸತ್ತಿಲ್ಲ, ಇನ್ನೂ ಬದುಕಿದ್ದಾನೆ ಎಂದು ಇಂಗ್ಲೆಂಡಿನ ಜನಸಾಮಾನ್ಯರು ನಂಬಿದ್ದರೆಂಬುದಕ್ಕೆ ದೊರೆಯುವ ಅತಿ ಹಳೆಯ ನಿದರ್ಶನಗಳಲ್ಲೊಂದು ಯಾವ ಕವಿಯ ಕಾವ್ಯದಲ್ಲೂ ಇಲ್ಲ, ಯಾವ ಆಸ್ಥಾನದ ಚರಿತ್ರೆಯಲ್ಲೂ ಇಲ್ಲ. ಅದು ಇರುವುದು, ಸುಟ್ಟುಹೋದ ಒಂದು ಇಗರ್ಜಿಯ ದುರಸ್ತಿಗೆ ಹಣ ಕೂಡಿಸಲು ಫ್ರಾನ್ಸಿನಿಂದ ಇಂಗ್ಲೆಂಡಿನ ಪಶ್ಚಿಮದ ಅಂಚಿನವರೆಗೆ ಹೋಗಿಬಂದ ಪಾದ್ರಿಗಳ ಪ್ರಯಾಣ ವೃತ್ತಾಂತದಲ್ಲಿ. ಆ ಪ್ರಯಾಣ ನಡೆದದ್ದು 1113ರಲ್ಲಿ. ಅದರ ಕಥೆಯನ್ನು ಈಗ ಮತ್ತೆ ತೆಗೆದು ಓದಿದಾಗ, ವಿದ್ಯಾರ್ಥಿಯಾಗಿದ್ದಾಗ ಕಾಣದಿದ್ದ ಹಲವು ಸಂಗತಿಗಳು ಕಂಡವು. ಅವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪ್ಯಾರಿಸಿನ ಈಶಾನ್ಯಕ್ಕೆ ಬಯಲ ನಡುವೆ ಒಂಟಿಯಾಗಿ ಎದ್ದು ನಿಂತ ಗುಡ್ಡವೊಂದಿದೆ. ಅದರ ನೆತ್ತಿಯ ಮೇಲಿನ ಪಟ್ಟಣದ ಹೆಸರು ಲಾಂ. ಒಂದು ಕಾಲಕ್ಕೆ ಅರಸರ ಬೀಡಾಗಿದ್ದ ಊರು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಅದರ ಕೀರ್ತಿಗೆ ಕಾರಣ ಬೇರೆಯಿತ್ತು. ಆನ್ಸೆಲ್ಮ್ ಎಂಬ ಗುರು ಅಲ್ಲಿಯ ಇಗರ್ಜಿಯ ಪಾಠಶಾಲೆಯಲ್ಲಿ ಬೈಬಲ್ಲಿಗೆ ವ್ಯಾಖ್ಯಾನ ಹೇಳುತ್ತಿದ್ದ; ಅದನ್ನು ಕೇಳಲು ದೂರದೂರದ ನಾಡುಗಳಿಂದ ಶಿಷ್ಯರು ಬರುತ್ತಿದ್ದರು. ಊರಿನ ಒಡೆತನ ಬಿಷಪ್ಪನದು. 1106ರ ಸುಮಾರಿಗೆ ಆ ಪೀಠಕ್ಕೆ ಬಂದ ಗೋದ್ರಿ ಅದಕ್ಕೆ ಮೊದಲು ಇಂಗ್ಲೆಂಡಿನ ಅರಸ ಒಂದನೆಯ ಹೆನ್ರಿಯ ಸೇವೆಯಲ್ಲಿದ್ದವನು. ಜಪಮಾಲೆಗಿಂತ ಬೇಟೆ, ಯುದ್ಧಗಳ ಮಾತೇ ಅವನಿಗೆ ಹಿತವಾಗಿತ್ತು.

ಈ ಗೋದ್ರಿ ಊರಲ್ಲಿಲ್ಲದ ಸಮಯ ನೋಡಿ ಲಾಂನ ನಾಗರಿಕರು ಅಲ್ಲಿಯ ಪಾದ್ರಿಗಳಿಗೂ ಸರದಾರರಿಗೂ ಹಣ ತೆತ್ತು 'ಕಮ್ಯೂನ್' ಎಂಬ ಪೌರಸಂಘವನ್ನು ಕಟ್ಟಿಕೊಂಡರು. ತೆರಿಗೆ ಇಷ್ಟೆಂದು ಗೊತ್ತಾಗಿರಬೇಕು, ಮನಸ್ಸಿಗೆ ಬಂದಂತೆ ಸುಲಿಯಬಾರದು, ತಪ್ಪಿಗೆ ದಂಡ ಇಂತಿಷ್ಟೇ ಎಂದಿರಬೇಕು: ಅವರು ಬೇಡಿದ್ದು ಇಷ್ಟನ್ನೇ. ಮರಳಿ ಬಂದ ಬಿಷಪ್ ಮೊದಲು ಕೆಂಡವಾದ. ಆಮೇಲೆ ತನ್ನ ಪಾಲಿನ ದುಡ್ಡು ಎಣಿಸಿಕೊಂಡು, ಸಂಘವನ್ನು ಕಾಪಾಡುವೆನೆಂದು ಪ್ರಮಾಣ ಮಾಡಿದ. 1112ರ ಈಸ್ಟರ್ ಹಬ್ಬಕ್ಕೆ ಅರಸ ಆರನೆಯ ಲೂಯಿಯನ್ನು ಊರಿಗೆ ಕರೆಸಿ, ಅದೇ ಸಂಘವನ್ನು ರದ್ದು ಮಾಡಿಸಲು ಹೊರಟ. ಸುದ್ದಿ ತಿಳಿದ ನಾಗರಿಕರು ಅರಸನಿಗೆ 400 ಪೌಂಡು ಕೊಡುವುದಾಗಿ ಹೇಳಿದರು. ಬಿಷಪ್ 700 ಎಂದ. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ನ್ಯಾಯ ಸಂದಿತು. ಸಂಘ ಮುರಿಯಿತು. ಅಷ್ಟಕ್ಕೂ ನಿಲ್ಲದೆ, ಸಂಘ ಕಟ್ಟಲು ಎಷ್ಟು ಕೊಟ್ಟಿದ್ದಿರೋ ಅದನ್ನು ಮುರಿಯಲೂ ಅಷ್ಟೇ ಕೊಡಿ ಎಂದು ನಾಗರಿಕರಿಂದಲೇ ವಸೂಲಿ ಮಾಡುವ ಆಲೋಚನೆಯೂ ಅರಮನೆಯಲ್ಲಿ ನಡೆಯಿತು.

ಏಪ್ರಿಲ್ 25, ಈಸ್ಟರ್ ವಾರದ ಗುರುವಾರ. ಕತ್ತಿ, ಕೊಡಲಿ, ಬಿಲ್ಲು ಹಿಡಿದ ಜನ 'ಕಮ್ಯೂನ್! ಕಮ್ಯೂನ್!' ಎಂದು ಕೂಗುತ್ತ ಬಿಷಪ್ಪನ ಅರಮನೆಗೆ ನುಗ್ಗಿದರು. ಗೋದ್ರಿ ಸೇವಕನ ಬಟ್ಟೆ ತೊಟ್ಟು ನೆಲಮಾಳಿಗೆಯ ಪೀಪಾಯಿಯೊಂದರಲ್ಲಿ ಅಡಗಿ ಕುಳಿತ. ಅವನನ್ನು ಹುಡುಕಿ ಹೊರಗೆಳೆದವನನ್ನು ಹಿಂದೊಮ್ಮೆ ಇದೇ ಬಿಷಪ್, ಜನಪದ ಕಥೆಗಳ ತೋಳದ ಹೆಸರಿನಿಂದ 'ಇಸೆಂಗ್ರಿನ್' ಎಂದು ಹಂಗಿಸಿದ್ದನಂತೆ. ಬೀದಿಯಲ್ಲಿ ಬಿಷಪ್ಪನ ಕೊಲೆಯಾಯಿತು; ಉಂಗುರಕ್ಕಾಗಿ ಬೆರಳನ್ನೂ ಕಡಿದರು. ಆ ದಿನ ಹಚ್ಚಿದ ಬೆಂಕಿ ಮನೆಯಿಂದ ಮನೆಗೆ ಹಬ್ಬಿ, ಹಬ್ಬಕ್ಕೆಂದು ಪರದೆಗಳಿಂದ ಸಿಂಗರಿಸಿದ್ದ ಮೇರಿಮಾತೆಯ ಮಹಾ ಇಗರ್ಜಿಯನ್ನು ಹೊಕ್ಕಿತು.

ಇಷ್ಟನ್ನೂ ನಮಗೆ ಹೇಳುವವನು ಗಿಬೇರ್. ಲಾಂ ಸಮೀಪದ ನೊಜಾಂ ಮಠದ ಮಠಾಧಿಪತಿ. ಆ ದಿನಗಳನ್ನು ಹತ್ತಿರದಿಂದ ಕಂಡವನು. 1115ರ ಸುಮಾರಿಗೆ ಬರೆದ ತನ್ನ ಆತ್ಮವೃತ್ತಾಂತದಲ್ಲಿ ಅವನು ನಾಗರಿಕರ ದಂಗೆಯನ್ನು ಶಪಿಸುತ್ತಾನೆ. ಬಿಷಪ್ಪನ ದುರಾಸೆಯನ್ನೂ ಮುಚ್ಚಿಡುವುದಿಲ್ಲ. ಈ ಎರಡನೆಯ ಗುಣಕ್ಕಾಗಿ ನಾವು ಅವನ ಮಾತನ್ನು ನಂಬುತ್ತೇವೆ.

ಸುಟ್ಟ ಇಗರ್ಜಿಯನ್ನು ಕಟ್ಟುವುದು ಹೇಗೆ? ಊರಿನವರಿಂದ ಕೇಳುವಂತಿಲ್ಲ. ಬಹಳಷ್ಟು ಜನ ಓಡಿಹೋಗಿದ್ದರು. ಉಳಿದವರ ಮನೆಗಳು ಲೂಟಿಯಾಗಿದ್ದವು. ದಂಡ ಹಾಕಿ ಕೀಳೋಣವೆಂದರೆ, ಹಾಗೆ ಕೀಳಹೋಗಿದ್ದರಿಂದಲೇ ಇಷ್ಟೆಲ್ಲ ನಡೆದದ್ದು. ಆಗ ಇಗರ್ಜಿಯ ಪೂಜಾಕೈಂಕರ್ಯ ನಡೆಸುವ, 'ಕೆನನ್' ಎಂದು ಕರೆಸಿಕೊಳ್ಳುವ ಪಾದ್ರಿಗಳ ಮಂಡಳಿ ಆ ಕಾಲಕ್ಕೆ ಪರಿಚಿತವಾಗಿದ್ದ ಒಂದು ದಾರಿ ಹಿಡಿಯಿತು. ಬೆಂಕಿಯಿಂದ ಉಳಿದ ಪವಿತ್ರ ಅವಶೇಷಗಳ ಕರಂಡಕವನ್ನು ಹೊತ್ತು ಊರೂರು ತಿರುಗುವುದು, ಭಕ್ತರು ಅರ್ಪಿಸಿದ್ದನ್ನು ತಂದು ಕಲ್ಲು, ಮರ, ಕೂಲಿಗೆ ಬಳಸುವುದು. ಕರಂಡಕದಲ್ಲಿ ಮೇರಿಮಾತೆಯ ಉಡುಪಿನ ತುಣುಕು, ಏಸುವಿನ ತುಟಿಗೆ ಹಿಡಿದ ಸ್ಪಂಜಿನ ಚೂರು, ಶಿಲುಬೆಯ ಚೂರು ಇವೆ ಎಂದು ಗಿಬೇರ್ ಪಟ್ಟಿ ಕೊಡುತ್ತಾನೆ. ಮಾತೆಯ ಕೂದಲೂ ಇದೆಯೆಂಬ ಮಾತು ಬಂದಾಗ ಮಾತ್ರ, ಅದು ತನಗೆ ತಿಳಿಯದು ಎಂದು ಬರೆದು ಸುಮ್ಮನಾಗುತ್ತಾನೆ.

ಮೊದಲ ಯಾತ್ರೆ 1112ರ ಬೇಸಗೆಯಲ್ಲಿ ಫ್ರಾನ್ಸಿನೊಳಗೇ, ಲೊಆರ್ ನದಿಯ ಸೀಮೆಯತ್ತ ನಡೆಯಿತು. ತೂರ್, ಆಂಜೆ, ಲ ಮಾಂ, ಶಾರ್ತ್ರ್ ಊರುಗಳನ್ನು ಬಳಸಿಕೊಂಡು ಸೆಪ್ಟೆಂಬರ್ ಹೊತ್ತಿಗೆ ಕೆನನ್ನರು ಮರಳಿದರು. ತಂದ ಹಣದಿಂದ ಕೆಲಸ ಶುರುವಾಯಿತು. ಆದರೆ ಕಟ್ಟಡದ ಕೆಲಸಕ್ಕೆ ಕೈಹಾಕಿದವರಿಗೆಲ್ಲ ತಿಳಿದಿರುವಂತೆ, ಅಂದಾಜು ಪಟ್ಟಿ ಒಂದು ಹೇಳುತ್ತದೆ, ಗೋಡೆ ಇನ್ನೊಂದು ಕೇಳುತ್ತದೆ. ಚಳಿಗಾಲ ಕಳೆಯುವುದರೊಳಗೆ ಹಣ ಬರಿದಾಯಿತು. 1113ರ ಮಾರ್ಚ್ ತಿಂಗಳ ಕೊನೆಯಲ್ಲಿ ಒಂಬತ್ತು ಮಂದಿ ಕೆನನ್ನರು ಅದೇ ಕರಂಡಕದೊಂದಿಗೆ ಮತ್ತೆ ಹೊರಟರು. ಈ ಸಲದ ದಾರಿ ಉತ್ತರಕ್ಕೆ, ಕಡಲಿನಾಚೆಗೆ, ಇಂಗ್ಲೆಂಡಿಗೆ. ಇಂಗ್ಲೆಂಡು ಆಗ ಶಾಂತವಾಗಿತ್ತು, ಸಂಪನ್ನವೂ ಆಗಿತ್ತು.

ಈ ಎರಡನೆಯ ಯಾತ್ರೆಯ ವಿವರಗಳು ಸಿಗುವುದು ಮುಖ್ಯವಾಗಿ ಹರ್ಮನ್ ಎಂಬ ಇನ್ನೊಬ್ಬ ಮಠಾಧಿಪತಿಯ ಪುಸ್ತಕದಲ್ಲಿ. ತೂರ್ನೆಯ ಈ ಹರ್ಮನ್, ಹೋಗಿಬಂದವರ ಹೇಳಿಕೆಗಳನ್ನು ಆಧರಿಸಿ, ಸುಮಾರು ಮೂವತ್ತು ವರ್ಷಗಳ ಬಳಿಕ, ಲಾಂನ ಮೇರಿಮಾತೆಯ ಪವಾಡಗಳನ್ನು ಸಂಕಲಿಸಿದ. ಪವಾಡ ಸಂಕಲನವೆಂದರೆ ಇತಿಹಾಸಕಾರರು ಮೂಗು ಮುರಿಯುವುದುಂಟು. ಆದರೆ ಪವಾಡವನ್ನು ನಂಬಿಸಬೇಕಾದವನು ಊರಿನ ಹೆಸರು, ಮಳೆಯೋ ಬಿಸಿಲೋ, ಯಾರ ಮನೆಯಲ್ಲಿ ತಂಗಿದ್ದು, ಯಾರು ಬಾಗಿಲು ಹಾಕಿದ್ದು ಎಲ್ಲವನ್ನೂ ಹೇಳಲೇಬೇಕಾಗುತ್ತದೆ. ಆ ಸಣ್ಣ ಸಂಗತಿಗಳಲ್ಲಿ ಅಂದಿನ ಹಣ ಸಂಗ್ರಹದ ಇಡೀ ವ್ಯವಹಾರ ಬಿಚ್ಚಿಕೊಳ್ಳುತ್ತದೆ.

ಕಡಲು ದಾಟುವಾಗಿನ ಪ್ರಸಂಗವನ್ನೇ ನೋಡಿ. ಹಡಗಿನಲ್ಲಿ ಕೆನನ್ನರ ಜೊತೆ ಇಂಗ್ಲೆಂಡಿನ ಉಣ್ಣೆ ಕೊಳ್ಳಲು ಹೊರಟ ವರ್ತಕರಿದ್ದರು. ಅವರ ಚೀಲಗಳಲ್ಲಿ 300 ಮಾರ್ಕಿಗೂ ಮಿಕ್ಕ ಬೆಳ್ಳಿ. ನಡುಗಡಲಿನಲ್ಲಿ ಕಡಲ್ಗಳ್ಳರ ದೋಣಿಗಳು ಕಂಡವು. ಗಾಬರಿಗೊಂಡ ವರ್ತಕರು ಹಣದ ಚೀಲಗಳನ್ನು ಕರಂಡಕದ ಮೇಲೆ ಸುರಿದು, 'ತಾಯಿ, ಇದೆಲ್ಲ ನಿನ್ನದೇ, ನಮ್ಮನ್ನು ಉಳಿಸು' ಎಂದು ಮೊರೆಯಿಟ್ಟರು. ಪಾದ್ರಿಯೊಬ್ಬ ಕರಂಡಕವನ್ನೆತ್ತಿ ಹಿಡಿದು ಕಳ್ಳರನ್ನು ಶಪಿಸಿದ. ಗಾಳಿ ತಿರುಗಿತು. ಹಡಗು ಪಾರಾಯಿತು. ದಡ ಕಂಡೊಡನೆ ವರ್ತಕರು ಬಂದು ಕೃತಜ್ಞತೆಯ ಮಾತಾಡಿ ತಮ್ಮ ತಮ್ಮ ಚೀಲಗಳನ್ನು ಎತ್ತಿಕೊಂಡು ಹೋದರು! ಸಂಕಟ ಬಂದಾಗ ವೆಂಕಟರಮಣ ಎಂಬ ನಮ್ಮ ಗಾದೆ ಅವರಿಗಾಗಿಯೇ ಹುಟ್ಟಿದಂತಿದೆ. ಮುಂದೆ ಅವರು ನಾಡೆಲ್ಲ ಸುತ್ತಿ ಕೊಂಡ ಉಣ್ಣೆಯನ್ನು ಡೋವರ್ ದಡದ ದೊಡ್ಡ ಮನೆಯೊಂದರಲ್ಲಿ ಪೇರಿಸಿಟ್ಟಿದ್ದಾಗ, ಹಡಗು ಹತ್ತುವ ಮುನ್ನವೇ ಅಷ್ಟೂ ಸುಟ್ಟುಹೋಯಿತೆಂದು ಹರ್ಮನ್ ಬರೆಯುತ್ತಾನೆ. ಹಾಗೆ ಬರೆಯುವಾಗ ಅವನ ಲೇಖನಿಯಲ್ಲಿ ಸಣ್ಣದೊಂದು ಸಮಾಧಾನ ಕಾಣುತ್ತದೆ.

ದಡ ಸೇರಿದ ಪರದೇಶಿಗಳಿಗೆ ಬಾಗಿಲು ತೆರೆದವರು ಯಾರು? ನಮ್ಮಂತೆ ಹೊರನಾಡಿನಲ್ಲಿರುವವರು ಗಮನಿಸಬೇಕಾದ ಸಂಗತಿ ಇದು. ಕೆನನ್ನರ ದಾರಿ ಕ್ಯಾಂಟರ್ಬರಿ, ವಿಂಚೆಸ್ಟರ್, ಸಾಲ್ಸ್‌ಬರಿ, ಎಕ್ಸೆಟರ್ ಎಂದು ಪಶ್ಚಿಮಕ್ಕೆ ಸಾಗಿತು. ಮನ ಬಂದತ್ತ ಅಲೆದ ದಾರಿಯಲ್ಲ ಇದು. ಪರಿಚಯದ ಎಳೆ ಹಿಡಿದು ನಡೆದದ್ದು. ಸಾಲ್ಸ್‌ಬರಿಯ ಬಿಷಪ್ ರಾಜರನ ಸೋದರಳಿಯಂದಿರಾದ ಅಲೆಗ್ಸಾಂಡರ್ ಮತ್ತು ನೈಜೆಲ್ ಲಾಂನಲ್ಲಿ ಆನ್ಸೆಲ್ಮ್ ಗುರುವಿನ ಬಳಿ ಓದಿದವರು. ಮುಂದೆ ಇಬ್ಬರೂ ಬಿಷಪ್ಪರಾದರು. ಡೆವನ್ ಸೀಮೆಯ ಬಾರ್ನ್‌ಸ್ಟೇಪಲ್‌ನ ಒಡೆಯನ ಹೆಂಡತಿ ಉತ್ತರ ಫ್ರಾನ್ಸಿನ ಮನೆತನದವಳು. ಹೀಗೆ ಒಂದೆಡೆ ಹಳೆಯ ಶಿಷ್ಯರು, ಇನ್ನೊಂದೆಡೆ ತವರಿನ ಸುದ್ದಿಗೆ ಹಾತೊರೆದ ಹೆಣ್ಣುಮಗಳು. ಇವರು ಕೊಟ್ಟದ್ದು ಮೇರಿಮಾತೆಗೆ ನಿಜ. ಅದರೊಳಗೆ ತಾವು ಓದಿದ, ಹುಟ್ಟಿದ ನೆಲಕ್ಕೆ ಸಲ್ಲಿಸಿದ ಪಾಲೂ ಇತ್ತೆಂದು ನಮಗೆ ತೋರುತ್ತದೆ. ದೆಹಲಿಯಲ್ಲೋ ಮುಂಬಯಿಯಲ್ಲೋ ರಸೀದಿ ಪುಸ್ತಕದ ಮುಂದೆ ಕೈ ಜೇಬಿಗೆ ಹೋಗುವಾಗ ನಮ್ಮೊಳಗೆ ಮಿಡಿಯುವುದೂ ಬರಿಯ ದೈವಭಕ್ತಿಯಲ್ಲವಷ್ಟೆ.

ಕೊಡುವ ಸಾಮಾನ್ಯ ಜನರ ಕ್ರಮ ಬೇರೆ. ಕರಂಡಕ ಊರು ಹೊಕ್ಕಾಗ ರೋಗಿಗಳು ಬರುತ್ತಿದ್ದರು. ಪಾಪನಿವೇದನೆ ಮಾಡಿ, ಅವಶೇಷಗಳನ್ನು ತೊಳೆದ ನೀರನ್ನು ತೀರ್ಥದಂತೆ ಕುಡಿದು, ಇಗರ್ಜಿಯಲ್ಲಿ ಜಾಗರಣೆ ಮಾಡುತ್ತಿದ್ದರು. ಗುಣವಾದವರು ಕೊಡುತ್ತಿದ್ದರು, ನೋಡಿದವರು ಅವರಿಗಿಂತ ಹೆಚ್ಚು ಕೊಡುತ್ತಿದ್ದರು.

ಎಲ್ಲ ಬಾಗಿಲುಗಳೂ ತೆರೆಯಲಿಲ್ಲ. ದಕ್ಷಿಣ ಕರಾವಳಿಯ ಕ್ರೈಸ್ಟ್‌ಚರ್ಚ್ ಎಂಬ ಊರಿಗೆ ಕೆನನ್ನರು ಸುರಿವ ಮಳೆಯಲ್ಲಿ ತಲುಪಿದರು. ಅಲ್ಲಿ ಹಬ್ಬದ ಸಮಯ, ಜೊತೆಗೆ ಸಂತೆ. ಊರಿನ ಇಗರ್ಜಿಯ ಹಿರಿಯ ಪಾದ್ರಿ ತಾನೇ ಹೊಸ ಇಗರ್ಜಿಯನ್ನು ಕಟ್ಟಿಸುತ್ತಿದ್ದ. ಹಬ್ಬದ ಕಾಣಿಕೆಯೆಲ್ಲ ತನ್ನ ಕಟ್ಟಡಕ್ಕೆ ಬರಲೆಂದು ಕಾದಿದ್ದ. ಹೊರಗಿನ ಕರಂಡಕ ಒಳಗೆ ಬಂದರೆ ಕಾಣಿಕೆ ಹಂಚಿಹೋಗುತ್ತದೆ. ಆದ್ದರಿಂದ ಮಳೆಯಲ್ಲೇ ಅವರನ್ನು ಹೊರಹಾಕಿಸಿದ. ಯಾವುದೋ ಒಂದು ಮನೆಯ ದಂಪತಿ ಮಾತ್ರ ಅವರಿಗೆ ಆಶ್ರಯ ಕೊಟ್ಟರು. ಕೆನನ್ನರು ಊರು ಬಿಟ್ಟ ಮೇಲೆ ಕಡಲಿನಿಂದ ಬೆಂಕಿಯುಗುಳುವ ಘಟಸರ್ಪವೊಂದು ಎದ್ದುಬಂದು ಇಗರ್ಜಿಯನ್ನೂ ಮನೆಗಳನ್ನೂ ಸುಟ್ಟಿತು, ಆಶ್ರಯ ಕೊಟ್ಟವರ ಮನೆ ಮಾತ್ರ ಉಳಿಯಿತು ಎಂಬುದು ಹರ್ಮನ್ನನ ಕಥೆ. ಘಟಸರ್ಪವನ್ನು ನಾವು ಪಕ್ಕಕ್ಕಿಡೋಣ. ಉಳಿಯುವುದು ಬಹಳ ಮನುಷ್ಯಸಹಜವಾದ ಜಗಳ: ಒಂದು ಜೀರ್ಣೋದ್ಧಾರ ನಿಧಿ ಇನ್ನೊಂದು ಜೀರ್ಣೋದ್ಧಾರ ನಿಧಿಯನ್ನು ಮಳೆಗೆ ತಳ್ಳಿತು. ತಮ್ಮ ಇಗರ್ಜಿ ಸುಟ್ಟ ದುಃಖದಿಂದ ಹೊರಟವರ ಕಥೆಯಲ್ಲಿ ಇನ್ನೊಬ್ಬರ ಇಗರ್ಜಿ ಸುಟ್ಟದ್ದು ತಾಯಿಯ ಪ್ರತಾಪವಾಗಿ ನಿಂತಿದೆ. ಬರೆದವನಿಗೆ ಆ ವಿಪರ್ಯಾಸ ಹೊಳೆಯಲೇ ಇಲ್ಲ.

ಡೆವನ್ ಸೀಮೆಯನ್ನು ಹಾದು ಕಾರ್ನ್‌ವಾಲಿನತ್ತ ಹೋಗುವಾಗ ಊರವರು ದಾರಿಬದಿಯಲ್ಲಿ 'ಇದು ಆರ್ಥರನ ಆಸನ, ಇದು ಆರ್ಥರನ ಒಲೆ' ಎಂದು ತೋರಿಸಿದರು. ನಮ್ಮಲ್ಲಿ ಬೆಟ್ಟಕ್ಕೊಂದು ಭೀಮನ ಹೆಜ್ಜೆ, ಹಳ್ಳಕ್ಕೊಂದು ಸೀತೆಯ ಹೊಂಡ ಇರುವ ಹಾಗೆ. ಬಾಡ್ಮಿನ್ ಊರಿನಲ್ಲಿ ಕರಂಡಕದ ಮುಂದೆ ಜಾಗರಣೆಗೆ ಕುಳಿತಿದ್ದವರಲ್ಲಿ ಕೈ ಬತ್ತಿಹೋದ ಒಬ್ಬ ಬಡವನಿದ್ದ. ಕೆನನ್ನರ ಜೊತೆ ಬಂದಿದ್ದ ಹಗನೆಲ್ ಎಂಬ ಸೇವಕನೊಂದಿಗೆ ಮಾತಿಗೆ ಮಾತು ಬೆಳೆಯಿತು. ಆರ್ಥರ್ ಇನ್ನೂ ಬದುಕಿದ್ದಾನೆ ಎಂದು ಬಡವ ಪಟ್ಟುಹಿಡಿದ. ಫ್ರೆಂಚರು ನಕ್ಕರು. ಕ್ಷಣದಲ್ಲಿ ಜನ ಆಯುಧ ಹಿಡಿದು ಇಗರ್ಜಿಗೆ ನುಗ್ಗಿದರು. ಅಲ್ಲಿಯ ಪಾದ್ರಿ ಆಲ್ಗರ್ ಅಡ್ಡ ನಿಂತು ತಡೆಯದಿದ್ದರೆ ರಕ್ತ ಹರಿಯುತ್ತಿತ್ತು. ಜಗಳ ತೆಗೆದ ಆ ಬಡವನ ಕೈಯನ್ನು ಮೇರಿಮಾತೆ ಗುಣಪಡಿಸಲಿಲ್ಲ ಎಂದು ಹೇಳಿ ಹರ್ಮನ್ ಪ್ರಸಂಗ ಮುಗಿಸುತ್ತಾನೆ.

ಜೆಫ್ರಿ ಆಫ್ ಮನ್ಮತ್ ತನ್ನ ಗ್ರಂಥದ ಮೂಲಕ ಆರ್ಥರನನ್ನು ಯುರೋಪಿಗೆಲ್ಲ ಪರಿಚಯಿಸಿದ್ದು ಇದಾಗಿ ಎರಡು ದಶಕಗಳ ಮೇಲೆ. ವಿದ್ಯಾರ್ಥಿಗಳಾಗಿ ನಾವು ಈ ಭಾಗವನ್ನು ಆರ್ಥರನಿಗಾಗಿ ಓದಿದ್ದೆವು. ಈಗ ಓದುವಾಗ ಕಣ್ಣು ನೆಡುವುದು ಆ ಬತ್ತಿದ ಕೈಯ ಮನುಷ್ಯನ ಮೇಲೆ. ಪರದೇಶದ ತಾಯಿಯಿಂದ ಗುಣ ಬೇಡಲು ಬಂದವನು ಅವನು. ಅವರು ತನ್ನ ನಾಡಿನ ದೊರೆಯನ್ನು ನಕ್ಕಾಗ ಗುಣದ ಆಸೆಯನ್ನೂ ಬಿಟ್ಟು ಎದ್ದುನಿಂತ. ಹಣ ಕೇಳುವವನ ಎದುರು ಕೊಡುವವನಿಗೂ ಒಂದು ನಂಬಿಕೆ ಇರುತ್ತದೆ ಎಂಬುದನ್ನು ಕೆನನ್ನರು ಅಂದು ಮರೆತಿದ್ದರು.

ಬ್ರಿಸ್ಟಲ್ ಬಂದರಿನಲ್ಲಿ ಬೇರೆ ಬಗೆಯ ಅಪಾಯ. ಐರ್ಲೆಂಡಿನಿಂದ ಬಂದ ಹಡಗುಗಳ ಸರಕು ನೋಡಲು ಕೆನನ್ನರು ಹೋಗಿಬಂದಾಗ ಅವರಿಗೆ ಮನೆ ಕೊಟ್ಟಿದ್ದವರು ಎಚ್ಚರಿಸಿದರು: ಹಡಗು ಹತ್ತಿಸಿಕೊಂಡು ಥಟ್ಟನೆ ಲಂಗರು ಕಿತ್ತು ಜನರನ್ನು ಒಯ್ದು ಮಾರುವುದುಂಟು. ಹಾಗೆ ಎಚ್ಚರಿಸದಿದ್ದರೆ ದೇಣಿಗೆ ತರಲು ಹೋದವರು ತಾವೇ ಸರಕಾಗಿಬಿಡುತ್ತಿದ್ದರೋ ಏನೋ!

ಈ ಇಡೀ ವ್ಯವಹಾರವನ್ನು ಅಂದಿನವರು ಕಣ್ಣುಮುಚ್ಚಿ ನಂಬಿದ್ದರೆ? ಇಲ್ಲ. ಗಿಬೇರ್ ಒಬ್ಬ ಇಂಗ್ಲಿಷ್ ಕಳ್ಳನ ಕಥೆ ಹೇಳುತ್ತಾನೆ. ಕುಡಿಯಲು ಕಾಸಿಲ್ಲದ ಇಬ್ಬರು ಗೆಳೆಯರು. ಆ ಪಾದ್ರಿಗಳು ಸುಳ್ಳು ಹೇಳಿ ಮುಗ್ಧರ ದುಡ್ಡು ಎತ್ತುತ್ತಿಲ್ಲವೆ, ಅವರಿಂದ ನಾನೊಂದಿಷ್ಟು ಎತ್ತುತ್ತೇನೆ ಎಂದ ಅವರಲ್ಲೊಬ್ಬ. ಕರಂಡಕಕ್ಕೆ ಮುತ್ತಿಡುವಂತೆ ಬಾಗಿ, ಅಲ್ಲಿದ್ದ ನಾಣ್ಯಗಳನ್ನು ಬಾಯಿಂದಲೇ ಹೀರಿಕೊಂಡು ಬಂದ. ಇಬ್ಬರೂ ಕುಡಿದರು. ಆಮೇಲೆ ಆ ಕಳ್ಳ ಕಾಡಿಗೆ ಹೋಗಿ ನೇಣು ಹಾಕಿಕೊಂಡನಂತೆ. ಶಿಕ್ಷೆಯ ಭಾಗ ಧರ್ಮೋಪದೇಶಕ್ಕೆ ಸೇರಿದ್ದು. ಆದರೆ 'ಸುಳ್ಳು ಹೇಳಿ ದುಡ್ಡು ಎತ್ತುತ್ತಾರೆ' ಎಂಬ ಮಾತು ಹೆಂಡದಂಗಡಿಯ ಬಾಗಿಲಲ್ಲಿ ಸಹಜವಾಗಿ ಕೇಳಿಬರುತ್ತಿದ್ದ ಮಾತು.

ಗಿಬೇರನಿಗೂ ಆ ಮಾತು ಚುಚ್ಚಿರಬೇಕು. ಅವಶೇಷಗಳ ಪೂಜೆಯನ್ನು ಕುರಿತೇ ಅವನು ಮುಂದೆ ಇನ್ನೊಂದು ಗ್ರಂಥ ಬರೆದ. ಅದರಲ್ಲಿ ತನ್ನದೇ ಒಂದು ಅನುಭವವಿದೆ. ಹೆಸರಾಂತ ಇಗರ್ಜಿಯೊಂದು ತನ್ನ ದುರಸ್ತಿಗೆಂದು ಇಂಥದೇ ಯಾತ್ರೆ ಹೊರಡಿಸಿತ್ತು. ಮಾತುಗಾರನೊಬ್ಬ ಡಬ್ಬಿ ಎತ್ತಿ ಹಿಡಿದು, ಇದರಲ್ಲಿ ಏಸುಸ್ವಾಮಿ ತಮ್ಮ ಹಲ್ಲಿನಿಂದ ಅಗಿದ ರೊಟ್ಟಿಯ ತುಣುಕಿದೆ ಎಂದ. ನಂಬದಿದ್ದರೆ ಈ ವಿದ್ವಾಂಸರನ್ನೇ ಕೇಳಿ ಎಂದು ಜನರ ನಡುವೆ ನಿಂತಿದ್ದ ಗಿಬೇರನತ್ತ ಕೈ ತೋರಿದ. ಗಿಬೇರ್ ನಾಚಿ ಕೆಂಪಾದ. ಜೊತೆಗಿದ್ದವರ ಮುಖ ನೋಡಿ ಬಾಯಿ ಬಿಡಲಿಲ್ಲ. ಅಂದು ಮೌನವಾಗಿದ್ದುದನ್ನು ಅವನು ಮುಚ್ಚಿಡದೆ ಬರೆದಿದ್ದಾನೆ. ಸುಮಾರು ಒಂಬೈನೂರು ವರ್ಷ ಕಳೆದರೂ ಆ ನಾಚಿಕೆ ನಮಗೆ ಪರಿಚಿತವಾಗಿಯೇ ಉಳಿದಿದೆ. ಒಳ್ಳೆಯ ಕೆಲಸಕ್ಕೆಂದು ಹೇಳುವ ಸಣ್ಣ ಸುಳ್ಳಿನ ಪಕ್ಕದಲ್ಲಿ ನಾವೆಲ್ಲ ಎಂದಾದರೊಮ್ಮೆ ಸುಮ್ಮನೆ ನಿಂತವರೇ.

ಸೆಪ್ಟೆಂಬರಿನಲ್ಲಿ ಕೆನನ್ನರು ಲಾಂಗೆ ಮರಳಿದರು. ಮರುವರ್ಷ, 1114ರಲ್ಲಿ, ಹೊಸ ಬಿಷಪ್ ಬಾರ್ತಲೊಮ್ಯುವಿನ ಕಾಲದಲ್ಲಿ, ದುರಸ್ತಿಯಾದ ಇಗರ್ಜಿಯ ಪುನಃಪ್ರತಿಷ್ಠೆಯಾಯಿತು. ಬೆಂಕಿ ಬಿದ್ದು ಎರಡೂವರೆ ವರ್ಷ ಕಳೆದಿರಲಿಲ್ಲ. ನಾಗರಿಕರ ಬೇಡಿಕೆ ಈಡೇರಲು ಇನ್ನಷ್ಟು ಕಾಲ ಹಿಡಿಯಿತು. 1128ರಲ್ಲಿ ಅದೇ ಆರನೆಯ ಲೂಯಿ 'ಶಾಂತಿಯ ವ್ಯವಸ್ಥೆ' ಎಂಬ ಹೆಸರಿನಲ್ಲಿ ಅವರ ಹಕ್ಕುಗಳನ್ನು ಮರಳಿ ಕೊಟ್ಟ. ಗೋಡೆಯ ಬಿರುಕು ಬೇಗ ಮುಚ್ಚಿತು. ಬಿರುಕಿಗೆ ಕಾರಣವಾದದ್ದು ಹದಿನಾರು ವರ್ಷ ತೆಗೆದುಕೊಂಡಿತು.

ಹಾಗೆ ಕೂಡಿಬಂದ ಕಟ್ಟಡವೂ ಹೆಚ್ಚು ಕಾಲ ಬಾಳಲಿಲ್ಲ. 1150ರ ದಶಕದ ಕೊನೆಯ ವೇಳೆಗೆ ಅದರ ಜಾಗದಲ್ಲಿ ಇನ್ನೂ ದೊಡ್ಡ ಇಗರ್ಜಿಯ ಕೆಲಸ ಶುರುವಾಯಿತು. ಇಂದು ಲಾಂ ಗುಡ್ಡದ ಮೇಲೆ ಮೈಲಿಗಟ್ಟಲೆ ದೂರಕ್ಕೆ ಕಾಣುವ ಗೋಪುರಗಳು ಆ ಎರಡನೆಯ ಕಟ್ಟಡದವು. ಬಾರ್ನ್‌ಸ್ಟೇಪಲ್‌ನ ಒಡತಿ, ಸಾಲ್ಸ್‌ಬರಿಯ ಹಳೆಯ ಶಿಷ್ಯರು, ಹೆಸರಿಲ್ಲದ ಸಾವಿರ ರೋಗಿಗಳು ಕೊಟ್ಟ ಬೆಳ್ಳಿ ನಿಲ್ಲಿಸಿದ ಗೋಡೆಗಳು ಎರಡು ತಲೆಮಾರು ಮಾತ್ರ ನಿಂತವು. ಅವರು ಕೊಟ್ಟದ್ದು ವ್ಯರ್ಥವಾಯಿತೆ? ನಮಗೆ ಹಾಗನಿಸುವುದಿಲ್ಲ. ಆ ಎರಡು ತಲೆಮಾರು ಮಳೆಯಲ್ಲಿ ನೆನೆಯದೆ ಪ್ರಾರ್ಥಿಸಿದವು. ಜೀರ್ಣೋದ್ಧಾರವೆಂಬ ಪದದಲ್ಲಿ ಶಾಶ್ವತದ ಭರವಸೆ ಇಲ್ಲ. ಜೀರ್ಣವಾದದ್ದು ಮತ್ತೆ ಜೀರ್ಣವಾಗುತ್ತದೆ ಎಂಬುದು ಆ ಪದದೊಳಗೇ ಇದೆ.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಮುಂದೆ ಹಲವು ರೂಪ ತಾಳಿತು. ಮತಸುಧಾರಣೆ ಕರಂಡಕಗಳನ್ನು ಒಡೆದುಹಾಕಿದ ಮೇಲೆ ದೇವರ ಜಾಗಕ್ಕೆ ದಫ್ತರು ಬಂತು. ಸುಟ್ಟ ಊರಿಗೋ ಕುಸಿದ ಇಗರ್ಜಿಗೋ ನಾಡಿನಾದ್ಯಂತ ಹಣ ಕೂಡಿಸಲು ಅರಸನ ಮೊಹರಿನ 'ಬ್ರೀಫ್' ಎಂಬ ಅಪ್ಪಣೆಪತ್ರ ಬೇಕಾಯಿತು. ಅದನ್ನು ಭಾನುವಾರದ ಪ್ರಾರ್ಥನೆಯಲ್ಲಿ ಓದಿ ಹೇಳಿ ಹಣ ಎತ್ತುತ್ತಿದ್ದರು. ಸ್ಯಾಮ್ಯುಯಲ್ ಪೀಪ್ಸ್ 1661ರ ಜೂನ್ 30ರ ದಿನಚರಿಯಲ್ಲಿ, ವಾರವಾರವೂ ಈ ಪತ್ರಗಳ ಕಾಟ ಹೆಚ್ಚಾಯಿತು, ಇನ್ನು ಕೊಡಬಾರದೆಂದು ನಿರ್ಧರಿಸಿದೆವು ಎಂಬ ಅರ್ಥದ ಮಾತು ಬರೆದಿದ್ದಾನೆ. ಅವನೂ ಸರಕಾರಿ ನೌಕರನೇ ಎಂಬುದನ್ನು ಇಲ್ಲಿ ನೆನೆಯದಿರಲಾರೆವು. ಅಕ್ರಮ ತಡೆಯಲು 1705ರಲ್ಲಿ ಕಾನೂನು ಬಂತು. ಮುದ್ರಣ, ಮೊಹರು, ವಸೂಲಿಗಾರರ ಶುಲ್ಕವೆಂದು ಕೂಡಿದ್ದರಲ್ಲಿ ದೊಡ್ಡ ಪಾಲು ಅದೇ ನುಂಗಿತು. 1828ರಲ್ಲಿ ಆ ಪದ್ಧತಿಯನ್ನೇ ತೆಗೆದುಹಾಕಿದರು. ಲೆಕ್ಕಪತ್ರ ಬಿಗಿಯಾಯಿತು, ಇಗರ್ಜಿಗೆ ತಲುಪುವುದು ಕಡಿಮೆಯಾಯಿತು. ಕಡತದ ನಡುವೆ ಬದುಕುವ ನಮಗೆ ಇದರಲ್ಲಿ ಒಂದು ಪಾಠವಿದೆ.

ಈಗ ಅಲ್ಲಿ ಮತ್ತೆ ಕಾಲಿಗೆ ಬೆಲೆ ಬಂದಿದೆ. ಸೆಪ್ಟೆಂಬರಿನ ಎರಡನೆಯ ಶನಿವಾರ ಹಲವು ಜಿಲ್ಲೆಗಳಲ್ಲಿ ಜನ ಇಗರ್ಜಿಯಿಂದ ಇಗರ್ಜಿಗೆ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಇಷ್ಟು ಇಗರ್ಜಿ ಮುಟ್ಟಿದರೆ ಇಷ್ಟು ಎಂದು ನೆಂಟರು, ನೆರೆಯವರು ಮೊದಲೇ ಮಾತು ಕೊಟ್ಟಿರುತ್ತಾರೆ. ಬಂದ ಹಣದಲ್ಲಿ ಸಾಮಾನ್ಯವಾಗಿ ಅರ್ಧ ನಡೆದವರು ಹೆಸರಿಸಿದ ಇಗರ್ಜಿಗೆ, ಉಳಿದರ್ಧ ಜಿಲ್ಲೆಯ ಹಳೆಯ ಇಗರ್ಜಿಗಳ ನಿಧಿಗೆ. ಹೊತ್ತು ತಿರುಗಲು ಕರಂಡಕವಿಲ್ಲ, ಪವಾಡವೂ ಇಲ್ಲ. ನಡೆದ ದಣಿವೇ ಸಾಕ್ಷಿ. ಒಬ್ಬ ಮನುಷ್ಯ ಯಾವುದೋ ಗೋಡೆಗಾಗಿ ಇಷ್ಟು ದೂರ ನಡೆದನೆಂದರೆ ಆ ಗೋಡೆ ಅವನಿಗೆ ಮುಖ್ಯವಾಗಿರಬೇಕು ಎಂಬ ನಂಬಿಕೆಯ ಮೇಲೆ ಹಣ ಹುಟ್ಟುತ್ತದೆ. ಕೆನನ್ನರಿಗೆ ಕೊಟ್ಟವರೂ ಮೂಲದಲ್ಲಿ ಇದನ್ನೇ ನಂಬಿದ್ದರಲ್ಲವೆ?

ಲಾಂನ ಇಂದಿನ ಇಗರ್ಜಿಯ ಪಶ್ಚಿಮ ಗೋಪುರಗಳ ಮೇಲಂಚಿನಲ್ಲಿ ಹದಿನಾರು ಕಲ್ಲಿನ ಎತ್ತುಗಳು ನಿಂತಿವೆ. ಸಂತರಿರಬೇಕಾದ ಎತ್ತರದಲ್ಲಿ ಎತ್ತುಗಳು ಬಯಲ ಕಡೆಗೆ ತಲೆ ಚಾಚಿ ನೋಡುತ್ತಿವೆ. ಗಿಬೇರ್ ಬರೆದಿಟ್ಟ ಕಥೆಯೊಂದನ್ನು ಜನ ಅವುಗಳೊಂದಿಗೆ ಸೇರಿಸಿ ಹೇಳುತ್ತಾರೆ. ದುರಸ್ತಿಯ ದಿನಗಳಲ್ಲಿ ಸಾಮಾನು ಹೊತ್ತ ಬಂಡಿ ಗುಡ್ಡ ಹತ್ತುವಾಗ ಒಂದು ಎತ್ತು ಬಳಲಿ ಬಿತ್ತು. ಎಲ್ಲಿಂದಲೋ ಇನ್ನೊಂದು ಎತ್ತು ಓಡಿಬಂದು ನೊಗಕ್ಕೆ ಕೊರಳು ಕೊಟ್ಟು, ಬಂಡಿಯನ್ನು ಇಗರ್ಜಿಗೆ ಮುಟ್ಟಿಸಿ, ಬಂದ ದಾರಿಯಲ್ಲೇ ಹೊರಟುಹೋಯಿತು. ಯಾರ ಎತ್ತೋ ತಿಳಿಯಲಿಲ್ಲ. ಎತ್ತನ್ನು ಬಸವನೆನ್ನುವ ನಾಡಿನಿಂದ ಬಂದ ನಮಗೆ ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ.

ರಸೀದಿ ಇನ್ನೂ ನಮ್ಮ ಮೇಜಿನ ಖಾನೆಯಲ್ಲಿದೆ. ಕ್ರಮಸಂಖ್ಯೆ, ದಿನಾಂಕ, ಮೊತ್ತ ಎಲ್ಲವೂ ಸರಿಯಾಗಿದೆ. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ. ಆ ಹಿರಿ ಜೀವ ಆಟೋ ಹತ್ತದೆ ನಡೆದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಆದರೂ ಪ್ರಮಾಣಪತ್ರ ಕೇಳಿದೆವು. ಕೇಳಿದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ. ಗಿಬೇರ್ ಬಾಯಿಬಿಡದೆ ನಿಂತ ಜಾಗದಲ್ಲಿ ಯಾರಾದರೂ ಕೇಳಬೇಕು. ಆದರೆ ಕೇಳುವವನಿಗೂ ಒಂದು ಕೆಲಸ ಉಳಿದಿರುತ್ತದೆ. 'ಬಂದು ನೋಡಿ ಹೋಗಿ' ಎಂದು ಅವರು ಹೇಳಿದ್ದರು. ಬೇಸಗೆ ರಜೆಯಲ್ಲಿ ಊರಿಗೆ ಹೋಗಿದ್ದೆವು. ಅವರ ಹಳ್ಳಿ ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಲಿಲ್ಲ. ಬಿಸಿಲು ಬಹಳವಿತ್ತು.

ಮುಂದಿನ ಸಲ ಹೋಗಬೇಕು. ಸಾಧ್ಯವಾದರೆ ಬಸ್ಸಿಳಿದ ಮೇಲಿನ ದಾರಿಯನ್ನು ನಡೆದು.